ಕೈ ಒತ್ತಿ ನೋಡಿದರೆ ಕಾಯಿಲೆ ಗೊತ್ತಾಗುತ್ತದೆಯೇ? 'ಮಸಲ್ ಟೆಸ್ಟಿಂಗ್' ಹಿಂದಿನ ನಿಜ ಏನು?

ಫಾರ್ವರ್ಡ್‌ನಲ್ಲಿ ಬರುವ ವಿಡಿಯೋಗಳಲ್ಲಿ ಒಂದು ಬಗೆ ಇದೆ. ಒಬ್ಬರು ಬಲಗೈಯನ್ನು ಭುಜದ ನೇರಕ್ಕೆ ಚಾಚಿ ನಿಲ್ಲುತ್ತಾರೆ. 'ಥೆರಪಿಸ್ಟ್' ಎನ್ನುವವರು ಆ ಕೈಯನ್ನು ಕೆಳಕ್ಕೆ ಒತ್ತುತ್ತಾರೆ, ಕೈ ಗಟ್ಟಿಯಾಗಿ ನಿಲ್ಲುತ್ತದೆ. ಆಮೇಲೆ ಎಡಗೈಗೆ ಒಂದು ಸಕ್ಕರೆ ಪೊಟ್ಟಣವನ್ನೋ ಮೊಬೈಲನ್ನೋ ಗುಳಿಗೆಯ ಶೀಷೆಯನ್ನೋ ಕೊಟ್ಟು ಮತ್ತೆ ಒತ್ತುತ್ತಾರೆ. ಈ ಸಲ ಕೈ ಸರ್ರನೆ ಇಳಿಯುತ್ತದೆ. "ನೋಡಿ, ನಿಮ್ಮ ದೇಹವೇ ಹೇಳ್ತಿದೆ, ಇದು ನಿಮಗೆ ಆಗಲ್ಲ" ಎನ್ನುತ್ತಾರೆ. ಸುತ್ತ ನಿಂತವರು ಚಪ್ಪಾಳೆ ತಟ್ಟುತ್ತಾರೆ.

ಇದಕ್ಕೆ ಮಸಲ್ ಟೆಸ್ಟಿಂಗ್, ಅಪ್ಲೈಡ್ ಕಿನೀಸಿಯಾಲಜಿ, ಎನರ್ಜಿ ಟೆಸ್ಟಿಂಗ್, ಬಾಡಿ ಟಾಕ್ ಎಂದೆಲ್ಲ ಹೆಸರು. ಅಲರ್ಜಿ, ವಿಟಮಿನ್ ಕೊರತೆ, ಲಿವರ್ ತೊಂದರೆ, ಮನಸ್ಸಿನ ನೋವು, ಎಲ್ಲವನ್ನೂ ಹೀಗೆ ಕೈ ಒತ್ತಿಯೇ ಕಂಡುಹಿಡಿಯಬಹುದು ಎನ್ನುವುದು ವಾದ. ರಕ್ತ ಕೊಡುವುದು ಬೇಡ, ಸೂಜಿ ಚುಚ್ಚಿಸಿಕೊಳ್ಳುವುದು ಬೇಡ. ಹಾಗಾದರೆ ಇದರಲ್ಲಿ ನಿಜ ಎಷ್ಟು?

ಚುಟುಕಾಗಿ ಉತ್ತರ

ಕೈ ಇಳಿಯುವುದು ನಿಜ. ಆದರೆ ಅದಕ್ಕೆ ಸಕ್ಕರೆಯೋ ಮೊಬೈಲೋ ಕಾರಣವಲ್ಲ. ಒತ್ತುವವರಿಗೂ ಒತ್ತಿಸಿಕೊಳ್ಳುವವರಿಗೂ ಏನು ಪರೀಕ್ಷೆ ಆಗುತ್ತಿದೆ ಎಂದು ಗೊತ್ತಿಲ್ಲದಂತೆ ಮಾಡಿದ ಪ್ರಯೋಗಗಳಲ್ಲಿ ಈ ವಿಧಾನ ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಉತ್ತಮ ಫಲ ಕೊಟ್ಟಿಲ್ಲ. ಇದನ್ನು ನಂಬಿ ಊಟ ಬಿಡುವುದು, ಮಾತ್ರೆ ನಿಲ್ಲಿಸುವುದು, ಜ್ವರ ಬಂದಾಗ ಆಸ್ಪತ್ರೆಗೆ ತಡವಾಗಿ ಹೋಗುವುದು ಅಪಾಯ.

ಪರೀಕ್ಷೆ ಹೇಗೆ ಮಾಡುತ್ತಾರೆ?

ಕೈ ಚಾಚಿಸಿ ಒತ್ತುವುದು ಎಲ್ಲಕ್ಕಿಂತ ಸಾಮಾನ್ಯ. ಇನ್ನೊಂದರಲ್ಲಿ ಹೆಬ್ಬೆರಳು ಮತ್ತು ತೋರುಬೆರಳನ್ನು ಉಂಗುರದಂತೆ ಸೇರಿಸಿ ಹಿಡಿಯಬೇಕು, ಪರೀಕ್ಷಿಸುವವರು ಆ ಉಂಗುರವನ್ನು ಬಿಡಿಸಲು ಎಳೆಯುತ್ತಾರೆ. ಉಂಗುರ ಬಿಟ್ಟುಕೊಂಡರೆ ಕೈಯಲ್ಲಿರುವ ವಸ್ತು 'ಆಗಿಬರುವುದಿಲ್ಲ' ಎಂದು ಅರ್ಥ. ಮತ್ತೊಂದರಲ್ಲಿ ಸುಮ್ಮನೆ ನಿಂತು ಪ್ರಶ್ನೆ ಕೇಳಿಕೊಳ್ಳಬೇಕು. ದೇಹ ಮುಂದಕ್ಕೆ ವಾಲಿದರೆ 'ಹೌದು', ಹಿಂದಕ್ಕೆ ವಾಲಿದರೆ 'ಇಲ್ಲ'.

ಪರೀಕ್ಷಿಸುವ ವಸ್ತುವನ್ನು ತಿನ್ನಲೇಬೇಕು ಎಂದೂ ಇಲ್ಲ. ಮುಚ್ಚಿದ ಶೀಷೆಯನ್ನು ಹೊಟ್ಟೆಯ ಮೇಲೆ ಇಟ್ಟರೆ ಸಾಕು. ಕೆಲವರು ವಸ್ತುವಿನ ಹೆಸರನ್ನು ಚೀಟಿಯಲ್ಲಿ ಬರೆದು ಕೊಡುತ್ತಾರೆ. ಹಸುಗೂಸನ್ನು ಪರೀಕ್ಷಿಸಬೇಕಾದರೆ ತಾಯಿ ಒಂದು ಕೈಯಲ್ಲಿ ಮಗುವನ್ನು ಮುಟ್ಟಿಕೊಂಡು ಇನ್ನೊಂದು ಕೈ ಚಾಚುತ್ತಾರೆ, ತಾಯಿಯ ಕೈ ಇಳಿದರೆ ಮಗುವಿಗೆ ಅಲರ್ಜಿ!

ಇಲ್ಲಿ ಒಂದು ಪ್ರಶ್ನೆ ಕೇಳಲೇಬೇಕು. ಗಾಜಿನ ಶೀಷೆಯೊಳಗೆ ಮುಚ್ಚಿಟ್ಟ ಗೋಧಿ ಹಿಟ್ಟು ಭುಜದ ಸ್ನಾಯುವಿಗೆ ಸುದ್ದಿ ಮುಟ್ಟಿಸುವುದು ಯಾವ ದಾರಿಯಿಂದ? ಅಲರ್ಜಿ ಆಗಬೇಕಾದರೆ ಆ ಪದಾರ್ಥದ ಪ್ರೋಟೀನು ನಮ್ಮ ರಕ್ಷಣಾ ವ್ಯವಸ್ಥೆಯ ಕಣಗಳನ್ನು ತಲುಪಬೇಕು. ಗಾಜು ದಾಟಿ ಅದು ಬರುವುದಿಲ್ಲ. ಚೀಟಿಯ ಮೇಲಿನ ಅಕ್ಷರದಲ್ಲಂತೂ ಪ್ರೋಟೀನೇ ಇಲ್ಲ.

ಇದು ನಮ್ಮ ಪುರಾತನ ವಿದ್ಯೆಯೇ?

ಅಲ್ಲ. ಕೆಲವು ಕಡೆ ಇದನ್ನು ಪ್ರಾಣಶಕ್ತಿ, ನಾಡಿ, ಚಕ್ರ ಎಂಬ ಮಾತುಗಳ ಜೊತೆ ಬೆರೆಸಿ ಹೇಳುವುದರಿಂದ ಋಷಿಮುನಿಗಳ ಕಾಲದ್ದು ಅನಿಸಬಹುದು. ಇದು ಹುಟ್ಟಿದ್ದು ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ, 1964ರಲ್ಲಿ. ಜಾರ್ಜ್ ಗುಡ್‌ಹಾರ್ಟ್ ಎಂಬ ಕೈರೋಪ್ರಾಕ್ಟರ್, ಅಂದರೆ ಬೆನ್ನುಮೂಳೆಯನ್ನು ಕೈಯಿಂದ ಒತ್ತಿ ಚಿಕಿತ್ಸೆ ಮಾಡುವವರು, ದೇಹದ ಒಂದೊಂದು ಅಂಗಕ್ಕೂ ಒಂದೊಂದು ಸ್ನಾಯುವಿಗೂ ನಂಟಿದೆ, ಸ್ನಾಯು ದುರ್ಬಲವಾಗಿದ್ದರೆ ಅದಕ್ಕೆ ಸೇರಿದ ಅಂಗದಲ್ಲಿ ದೋಷವಿದೆ ಎಂದು ಹೇಳಿದರು. ಚೀನಾದ ಅಕ್ಯುಪಂಕ್ಚರ್ ರೇಖೆಗಳನ್ನೂ ಆಮೇಲೆ ಇದಕ್ಕೆ ಸೇರಿಸಿಕೊಂಡರು. 1973ರಲ್ಲಿ ಜಾನ್ ಥೀ ಎಂಬವರು ಜನಸಾಮಾನ್ಯರೂ ಮನೆಯಲ್ಲಿ ಮಾಡಿಕೊಳ್ಳುವಂತೆ 'ಟಚ್ ಫಾರ್ ಹೆಲ್ತ್' ಎಂಬ ಪುಸ್ತಕ ತಂದರು. ಬೆರಳಿನ ಉಂಗುರದ ಪರೀಕ್ಷೆಯನ್ನು ಯೋಶಿಯಾಕಿ ಒಮುರಾ ಎಂಬ ಜಪಾನಿ ಮೂಲದ ವೈದ್ಯರು ಅಮೆರಿಕದಲ್ಲಿ ಪ್ರಚಾರ ಮಾಡಿದರು. 1995ರಲ್ಲಿ ಬಂದ ಡೇವಿಡ್ ಹಾಕಿನ್ಸ್ ಅವರ 'ಪವರ್ ವರ್ಸಸ್ ಫೋರ್ಸ್' ಪುಸ್ತಕ ಇನ್ನೂ ಮುಂದೆ ಹೋಗಿ, ಕೈ ಒತ್ತಿ ಯಾವುದೇ ಮಾತಿನ ಸತ್ಯಾಸತ್ಯವನ್ನೂ ತಿಳಿಯಬಹುದು ಎಂದಿತು.

ಹಳೆಯದಾದ ಮಾತ್ರಕ್ಕೆ ಒಂದು ವಿಧಾನ ಸರಿಯಾಗುವುದಿಲ್ಲ, ಹೊಸದಾದ ಮಾತ್ರಕ್ಕೆ ತಪ್ಪೂ ಆಗುವುದಿಲ್ಲ. ಆದರೆ ಪರಂಪರೆಯ ಹೆಸರಿನಲ್ಲಿ ಮಾರುವ ವಸ್ತುವಿನ ಊರು ಯಾವುದು ಎಂದು ಗೊತ್ತಿರಲಿ.

ಆಸ್ಪತ್ರೆಯಲ್ಲೂ ಕೈ ಒತ್ತಿ ನೋಡುತ್ತಾರಲ್ಲ?

ಹೌದು, ಗೊಂದಲ ಆಗುವುದೇ ಇಲ್ಲಿ. ಪಾರ್ಶ್ವವಾಯು ಆದವರನ್ನು, ಅಪಘಾತದಲ್ಲಿ ನರಕ್ಕೆ ಪೆಟ್ಟು ಬಿದ್ದವರನ್ನು ನರರೋಗ ತಜ್ಞರೂ ಫಿಸಿಯೋಥೆರಪಿಸ್ಟರೂ ಕೈಕಾಲು ಒತ್ತಿ ಪರೀಕ್ಷಿಸುತ್ತಾರೆ. ಇದು ಒಪ್ಪಿತ ವೈದ್ಯ ಪರೀಕ್ಷೆ. ಅಮೆರಿಕದ ಮೂಳೆ ವೈದ್ಯ ರಾಬರ್ಟ್ ಲವೆಟ್ ಮತ್ತು ಅವರ ಜೊತೆಗಿದ್ದ ವಿಲ್ಹೆಲ್ಮಿನ್ ರೈಟ್ ಸುಮಾರು 1912ರ ಹೊತ್ತಿಗೆ ಪೋಲಿಯೋ ಆದ ಮಕ್ಕಳ ಸ್ನಾಯುಬಲ ಅಳೆಯಲು ಇದನ್ನು ರೂಪಿಸಿದರು. ಇಂದು ಬಳಕೆಯಲ್ಲಿರುವ ಅಳತೆ 0ಯಿಂದ 5ರವರೆಗೆ ಇದೆ. ಸ್ನಾಯು ಅಲುಗದಿದ್ದರೆ 0, ಭೂಮಿಯ ಸೆಳೆತಕ್ಕೆ ಎದುರಾಗಿ ಕೈ ಎತ್ತಲು ಆದರೆ 3, ವೈದ್ಯರು ಪೂರ್ತಿ ಒತ್ತಿದರೂ ನಿಂತರೆ 5.

ಎರಡಕ್ಕೂ ಇರುವ ವ್ಯತ್ಯಾಸ ಸರಳ. ಆಸ್ಪತ್ರೆಯ ಪರೀಕ್ಷೆ ಸ್ನಾಯುವಿನ ಬಗ್ಗೆ ಕೇಳಿ ಸ್ನಾಯುವಿನ ಬಗ್ಗೆಯೇ ಉತ್ತರ ಪಡೆಯುತ್ತದೆ. 'ಮಸಲ್ ಟೆಸ್ಟಿಂಗ್' ಭುಜವನ್ನು ಒತ್ತಿ ಲಿವರಿನ ಬಗ್ಗೆ, ಗೋಧಿಯ ಬಗ್ಗೆ, ಬಾಲ್ಯದ ನೋವಿನ ಬಗ್ಗೆ ಉತ್ತರ ಹೇಳುತ್ತದೆ. ಕಿನೀಸಿಯಾಲಜಿ ಎನ್ನುವುದೂ ದೇಹದ ಚಲನೆಯನ್ನು ಅಭ್ಯಾಸ ಮಾಡುವ ನಿಜವಾದ ವಿಜ್ಞಾನ. ಅದರ ಹಿಂದೆ 'ಅಪ್ಲೈಡ್' ಎಂದು ಸೇರಿದಾಗ ಅರ್ಥವೇ ಬೇರೆಯಾಗುತ್ತದೆ.

ಹಾಗಾದರೆ ಕೈ ಇಳಿಯುವುದೇಕೆ?

ಇದಕ್ಕೆ ಒಂದಲ್ಲ, ನಾಲ್ಕೈದು ಕಾರಣಗಳು ಒಟ್ಟಿಗೆ ಕೆಲಸ ಮಾಡುತ್ತವೆ.

ಮೊದಲನೆಯದು ಒತ್ತುವ ಜಾಗ. ಭುಜದಿಂದ ಮೊಣಕೈಗೆ ಸುಮಾರು 30 ಸೆಂಟಿಮೀಟರ್, ಮಣಿಕಟ್ಟಿಗೆ ಸುಮಾರು 60 ಎಂದಿಟ್ಟುಕೊಳ್ಳಿ. ಅಷ್ಟೇ ಬಲದಿಂದ ಮೊಣಕೈ ಬದಲು ಮಣಿಕಟ್ಟಿನ ಬಳಿ ಒತ್ತಿದರೆ ಭುಜದ ಮೇಲೆ ಬೀಳುವ ಭಾರ ಎರಡರಷ್ಟಾಗುತ್ತದೆ. ಹಾರೆಕೋಲಿನ ತುದಿ ಹಿಡಿದು ಮೀಟಿದರೆ ಕಲ್ಲು ಸುಲಭವಾಗಿ ಏಳುತ್ತದಲ್ಲ, ಅದೇ ಲೆಕ್ಕ. ನಾಲ್ಕು ಬೆರಳು ಆಚೆ ಸರಿದರೂ ಸಾಕು, ನೋಡುವವರಿಗೆ ಗೊತ್ತಾಗುವುದಿಲ್ಲ.

ಎರಡನೆಯದು ಹೊತ್ತು. "ತಡೀರಿ" ಎಂದು ಹೇಳಿ ಅರೆಕ್ಷಣ ಬಿಟ್ಟು ಒತ್ತಿದರೆ ಸ್ನಾಯು ಸಿದ್ಧವಾಗಿರುತ್ತದೆ, ಕೈ ನಿಲ್ಲುತ್ತದೆ. ಹೇಳುತ್ತಲೇ ಒತ್ತಿದರೆ ಸಿದ್ಧವಾಗುವ ಮೊದಲೇ ಇಳಿದುಬಿಡುತ್ತದೆ.

ಮೂರನೆಯದು ದಣಿವು ಮತ್ತು ರೂಢಿ. ನಾಲ್ಕು ಸಲ ಒತ್ತಿಸಿಕೊಂಡ ಕೈ ಐದನೆಯ ಸಲ ಸೋಲುತ್ತದೆ. ಅದರಂತೆ ಮೊದಲ ಸಲ ಎಷ್ಟು ಬಲ ಬೀಳುತ್ತದೆ ಎಂದು ಗೊತ್ತಿರದ ಕೈ ಎರಡನೆಯ ಸಲ ತಯಾರಾಗಿರುತ್ತದೆ. ಯಾವುದನ್ನು ಮೊದಲು ಮಾಡಿ ಯಾವುದನ್ನು ಆಮೇಲೆ ಮಾಡುತ್ತಾರೆ ಎನ್ನುವುದರ ಮೇಲೆ ಫಲ ತಿರುಗುತ್ತದೆ.

ನಾಲ್ಕನೆಯದೇ ಎಲ್ಲಕ್ಕಿಂತ ಮುಖ್ಯ: ನಿರೀಕ್ಷೆ. ಏನಾಗಬೇಕು ಎಂದು ಮನಸ್ಸು ಅಂದುಕೊಂಡಿದೆಯೋ ಅದಕ್ಕೆ ತಕ್ಕಂತೆ ಸ್ನಾಯು ನಮಗೇ ಅರಿವಿಲ್ಲದೆ ಸಣ್ಣಗೆ ಚಲಿಸುತ್ತದೆ. 1852ರಲ್ಲಿ ಬ್ರಿಟನ್ನಿನ ವಿಲಿಯಂ ಕಾರ್ಪೆಂಟರ್ ಇದಕ್ಕೆ 'ಐಡಿಯೋಮೋಟರ್' ಎಂಬ ಹೆಸರು ಕೊಟ್ಟರು. ಸಕ್ಕರೆ ಕೆಟ್ಟದ್ದು ಎಂಬ ನಂಬಿಕೆ ಇರುವ ಕಡೆ ಸಕ್ಕರೆ ಹಿಡಿಸಿದಾಗ ಒತ್ತುವವರು ತುಸು ಹೆಚ್ಚು ಒತ್ತುತ್ತಾರೆ, ಒತ್ತಿಸಿಕೊಳ್ಳುವವರು ತುಸು ಕಡಿಮೆ ತಡೆಯುತ್ತಾರೆ. ಇಬ್ಬರೂ ಮೋಸ ಮಾಡುತ್ತಿಲ್ಲ. ಇಬ್ಬರಿಗೂ ಅದು ಗೊತ್ತೇ ಆಗುವುದಿಲ್ಲ.

ಬೋರ್ ಪಾಯಿಂಟ್ ನೋಡುವ ತೆಂಗಿನಕಾಯಿ

ಐಡಿಯೋಮೋಟರ್ ಎಂದರೆ ಏನೋ ದೊಡ್ಡ ಮಾತು ಅನಿಸಿದರೆ ನಮ್ಮ ಊರುಗಳ ಉದಾಹರಣೆಯನ್ನೇ ನೋಡಿ. ಸೊರಬ, ಶಿಕಾರಿಪುರದ ಕಡೆಯೂ ಸೇರಿ ರಾಜ್ಯದ ಉದ್ದಗಲಕ್ಕೂ ಬೋರ್‌ವೆಲ್ ಕೊರೆಸುವ ಮುನ್ನ ಪಾಯಿಂಟ್ ನೋಡಿಸುವ ರೂಢಿ ಇದೆ. ಒಬ್ಬರು ಅಂಗೈ ಮೇಲೆ ತೆಂಗಿನಕಾಯಿಯನ್ನು ಮಲಗಿಸಿಕೊಂಡು ತೋಟದಲ್ಲಿ ನಡೆಯುತ್ತಾರೆ. ಒಂದು ಜಾಗದಲ್ಲಿ ಕಾಯಿ ನೆಟ್ಟಗೆ ಎದ್ದು ನಿಲ್ಲುತ್ತದೆ. ಕವೆಕೋಲು ಹಿಡಿದವರಿಗೆ ಕೋಲು ಕೆಳಕ್ಕೆ ಬಾಗುತ್ತದೆ. ಹಿಡಿದವರು ಪ್ರಾಮಾಣಿಕರೇ, ಕಾಯಿ ತಾನಾಗಿ ಎದ್ದಿತು ಎಂದೇ ಅವರಿಗೆ ಅನಿಸುತ್ತದೆ. ಎಬ್ಬಿಸಿದ್ದು ಅಂಗೈ ಮತ್ತು ಮಣಿಕಟ್ಟಿನ ಕಾಣದಷ್ಟು ಸಣ್ಣ ಚಲನೆ.

"ನೀರು ಸಿಕ್ಕಿತಲ್ಲ" ಎಂದು ಕೇಳಬಹುದು. ಮಳೆ ಚೆನ್ನಾಗಿ ಬೀಳುವ ಕಡೆ ಅನೇಕ ಜಾಗಗಳಲ್ಲಿ ಕೊರೆದರೂ ಅಷ್ಟೋ ಇಷ್ಟೋ ನೀರು ಸಿಗುತ್ತದೆ. ಸಿಕ್ಕಿದ ಪಾಯಿಂಟು ಊರೆಲ್ಲ ಸುದ್ದಿಯಾಗುತ್ತದೆ, ಸಿಗದ ಪಾಯಿಂಟು ಸಾಲದ ಲೆಕ್ಕದಲ್ಲಿ ಮುಚ್ಚಿಹೋಗುತ್ತದೆ. 1990ರಲ್ಲಿ ಜರ್ಮನಿಯ ಕಾಸೆಲ್‌ನಲ್ಲಿ ಸುಮಾರು 30 ಮಂದಿ ನೀರು ನೋಡುವವರನ್ನು ಕರೆದು, ನೆಲದಡಿ ಹೂತ ಪೈಪಿನಲ್ಲಿ ನೀರು ಹರಿಯುತ್ತಿದೆಯೋ ಇಲ್ಲವೋ ಹೇಳಿ ಎಂದು ಪರೀಕ್ಷಿಸಿದರು. ಅವರ ಉತ್ತರ ಊಹೆಗಿಂತ ಉತ್ತಮವಾಗಿರಲಿಲ್ಲ.

ಕೈ ಇಳಿಯುವುದು, ಉಂಗುರ ಬಿಡುವುದು, ಕಾಯಿ ಏಳುವುದು ಎಲ್ಲವೂ ಒಂದೇ ಬಳ್ಳಿಯ ಕಾಯಿಗಳು.

ಕಣ್ಣು ಕಟ್ಟಿ ಪರೀಕ್ಷಿಸಿದಾಗ ಏನಾಯಿತು?

ನಿರೀಕ್ಷೆಯ ಆಟವನ್ನು ತೆಗೆದುಹಾಕಲು ಒಂದೇ ದಾರಿ ಇದೆ. ಶೀಷೆಯಲ್ಲಿ ಏನಿದೆ ಎಂದು ಒತ್ತುವವರಿಗೂ ಗೊತ್ತಿರಬಾರದು, ಒತ್ತಿಸಿಕೊಳ್ಳುವವರಿಗೂ ಗೊತ್ತಿರಬಾರದು. ಇದನ್ನು ಡಬಲ್ ಬ್ಲೈಂಡ್ ಪರೀಕ್ಷೆ ಎನ್ನುತ್ತಾರೆ.

1988ರಲ್ಲಿ ಅಮೆರಿಕದಲ್ಲಿ 3 ಮಂದಿ ಅನುಭವಿ ಮಸಲ್ ಟೆಸ್ಟರ್‌ಗಳು 11 ಜನರನ್ನು ಪ್ರತ್ಯೇಕವಾಗಿ ಪರೀಕ್ಷಿಸಿದರು. ಥಯಮಿನ್, ಜಿಂಕ್, ವಿಟಮಿನ್ ಎ, ವಿಟಮಿನ್ ಸಿ ಇವುಗಳಲ್ಲಿ ಯಾವುದರ ಕೊರತೆ ಯಾರಿಗಿದೆ ಎಂದು ಹೇಳಬೇಕಿತ್ತು. ಮೂವರ ಉತ್ತರಗಳು ಒಂದಕ್ಕೊಂದು ಹೊಂದಲಿಲ್ಲ, ಲ್ಯಾಬಿನ ರಕ್ತಪರೀಕ್ಷೆಗೂ ಹೊಂದಲಿಲ್ಲ.

2001ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಕಣಜದ ವಿಷಕ್ಕೆ ನಿಜವಾಗಿಯೂ ಅಲರ್ಜಿ ಇದ್ದ 7 ಮಂದಿಯನ್ನು 4 ಪರೀಕ್ಷಕರು ಪರೀಕ್ಷಿಸಿದರು. ಕಣಜದ ವಿಷದ ಶೀಷೆ ಯಾವುದು, ಬರೀ ದ್ರಾವಣದ ಶೀಷೆ ಯಾವುದು ಎಂದು ಕೈ ಒತ್ತಿ ಹೇಳಲು ಆಗಲಿಲ್ಲ. ಜೀವಕ್ಕೇ ಅಪಾಯ ತರಬಲ್ಲ ಅಲರ್ಜಿ ಅದು. 'ದೇಹವೇ ಹೇಳುತ್ತದೆ' ಎನ್ನುವುದಾದರೆ ಇಲ್ಲಿಯಾದರೂ ಹೇಳಬೇಕಿತ್ತು.

2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದು ಶೀಷೆಯಲ್ಲಿ ವಿಷಕಾರಿ ರಾಸಾಯನಿಕ, ಇನ್ನೊಂದರಲ್ಲಿ ಉಪ್ಪುನೀರು. 3 ಪರೀಕ್ಷಕರು, 51 ಜನ. 151 ಸಲದಲ್ಲಿ 80 ಸಲ ಸರಿ ಹೇಳಿದರು, ಅಂದರೆ ನೂರಕ್ಕೆ 53. ಕಣ್ಣು ಮುಚ್ಚಿ ನಾಣ್ಯ ಚಿಮ್ಮಿದ್ದರೂ ಸುಮಾರು ಇಷ್ಟೇ ಬರುತ್ತಿತ್ತು.

ಅಮೆರಿಕದ ಮನಶ್ಶಾಸ್ತ್ರಜ್ಞ ರೇ ಹೈಮನ್ ದಾಖಲಿಸಿರುವ ಒಂದು ಪ್ರಸಂಗ ಇದೆ. ಕೈರೋಪ್ರಾಕ್ಟರ್‌ಗಳ ಒಂದು ತಂಡ ನಾಲಿಗೆಯ ಮೇಲೆ ಗ್ಲೂಕೋಸ್ ಹನಿ ಹಾಕಿದರೆ ಕೈ ಸೋಲುತ್ತದೆ, ಹಣ್ಣಿನ ಸಕ್ಕರೆಯಾದ ಫ್ರಕ್ಟೋಸ್ ಹಾಕಿದರೆ ಸೋಲುವುದಿಲ್ಲ ಎಂದು ತೋರಿಸಿತು. ಯಾವ ಹನಿ ಯಾವುದು ಎಂದು ಯಾರಿಗೂ ಗೊತ್ತಾಗದಂತೆ ಮಾಡಿದಾಗ ಆ ವ್ಯತ್ಯಾಸ ಮಾಯವಾಯಿತು. ಆಗ ಅವರ ಮುಖಂಡರು ಹೇಳಿದ್ದು, ಅದಕ್ಕೇ ನಾವು ಡಬಲ್ ಬ್ಲೈಂಡ್ ಪರೀಕ್ಷೆ ಮಾಡುವುದನ್ನು ಬಿಟ್ಟಿದ್ದೇವೆ, ಅದು ಕೆಲಸ ಮಾಡುವುದೇ ಇಲ್ಲ ಎಂಬರ್ಥದ ಮಾತು!

ವೈದ್ಯ ಸಂಸ್ಥೆಗಳ ನಿಲುವೂ ಸ್ಪಷ್ಟವಾಗಿದೆ. ಬ್ರಿಟನ್ನಿನ ನೈಸ್ ಸಂಸ್ಥೆ 2011ರಲ್ಲಿ ಮಕ್ಕಳ ಆಹಾರ ಅಲರ್ಜಿ ಕುರಿತು ಹೊರಡಿಸಿದ ಮಾರ್ಗಸೂಚಿಯಲ್ಲಿ ಅಪ್ಲೈಡ್ ಕಿನೀಸಿಯಾಲಜಿ ಬಳಸಬೇಡಿ ಎಂದೇ ಹೇಳಿದೆ. ಅದೇ ಸಾಲಿನಲ್ಲಿ ಕೂದಲಿನ ಪರೀಕ್ಷೆ ಮತ್ತು ವೇಗಾ ಯಂತ್ರದ ಪರೀಕ್ಷೆಯನ್ನೂ ಬೇಡ ಎಂದಿದೆ. ನ್ಯೂಜಿಲೆಂಡಿನಲ್ಲಿ ಇಂಥದೇ ಸ್ನಾಯು ಪರೀಕ್ಷೆಯಿಂದ ರೋಗ ನಿರ್ಧರಿಸುತ್ತಿದ್ದ ವೈದ್ಯರೊಬ್ಬರ ಪ್ರಕರಣ ಶಿಸ್ತು ನ್ಯಾಯಮಂಡಳಿಗೆ ಹೋಯಿತು. ಅದಕ್ಕೆ ವೈಜ್ಞಾನಿಕ ಆಧಾರ ಇಲ್ಲ ಎಂದು 2003ರಲ್ಲಿ ಮಂಡಳಿ ತೀರ್ಮಾನಿಸಿತು.

ಬಳೆ, ಪದಕ ಮಾರುವವರ ಕೈಚಳಕ

ಇದೇ ಪರೀಕ್ಷೆಯನ್ನು ಮಾರಾಟಕ್ಕೂ ಬಳಸಿದ್ದುಂಟು. 'ಪವರ್ ಬ್ಯಾಲೆನ್ಸ್' ಎಂಬ ರಬ್ಬರ್ ಬಳೆ ಇದಕ್ಕೆ ಹೆಸರಾದ ಉದಾಹರಣೆ. ಒಂಟಿ ಕಾಲಿನಲ್ಲಿ ನಿಲ್ಲಿಸಿ ಚಾಚಿದ ಕೈ ಒತ್ತಿದರೆ ಗಿರಾಕಿ ವಾಲುತ್ತಿದ್ದರು. ಬಳೆ ತೊಡಿಸಿ ಒತ್ತಿದರೆ ಗಟ್ಟಿಯಾಗಿ ನಿಲ್ಲುತ್ತಿದ್ದರು. ದೊಡ್ಡ ದೊಡ್ಡ ಆಟಗಾರರ ಕೈಯಲ್ಲೂ ಅದು ಕಾಣಿಸಿಕೊಂಡಿತು. 2010ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದ ಗ್ರಾಹಕ ಆಯೋಗದ ಮುಂದೆ ಕಂಪನಿ, ತನ್ನ ಹೇಳಿಕೆಗಳಿಗೆ ನಂಬಲರ್ಹ ವೈಜ್ಞಾನಿಕ ಪುರಾವೆ ಇಲ್ಲ ಎಂದು ಒಪ್ಪಿಕೊಂಡು ಹಣ ವಾಪಸು ಕೊಡಬೇಕಾಯಿತು.

'ಕ್ವಾಂಟಮ್ ಪೆಂಡೆಂಟ್', 'ಸ್ಕೇಲಾರ್ ಎನರ್ಜಿ' ಪದಕ ಎಂದು ಮಾರುವ ಕಡೆಯೂ ಇದೇ ಡೆಮೊ ನಡೆಯುತ್ತದೆ. ಇಲ್ಲಿ ಹಣ ಹೋಗುವುದಷ್ಟೇ ಅಲ್ಲ. 2021ರ ಡಿಸೆಂಬರಿನಲ್ಲಿ ನೆದರ್‌ಲೆಂಡ್ಸ್‌ನ ಅಣು ಸುರಕ್ಷತಾ ಪ್ರಾಧಿಕಾರ ಇಂಥ 10 ವಸ್ತುಗಳಲ್ಲಿ ವಿಕಿರಣ ಪದಾರ್ಥ ಇದೆ, ಇವನ್ನು ತೊಡಬೇಡಿ ಎಂದು ಎಚ್ಚರಿಸಿತು. 5ಜಿ ವಿಕಿರಣದಿಂದ ಕಾಪಾಡುತ್ತದೆ ಎಂದು ಕೊರಳಿಗೆ ಹಾಕಿಕೊಂಡದ್ದೇ ವಿಕಿರಣ ಸೂಸುತ್ತಿತ್ತು.

ಗುಡವಿ, ಸೊರಬದಲ್ಲಿ ಇದು ಯಾಕೆ ಮುಖ್ಯ?

ಗುಡವಿ ಎಂದರೆ ಎಲ್ಲರಿಗೂ ನೆನಪಾಗುವುದು ಸೊರಬ ತಾಲ್ಲೂಕಿನ ಪಕ್ಷಿಧಾಮ. ಇದೇ ತಾಲ್ಲೂಕಿನ ಇನ್ನೊಂದು ಕಾಡಿನ ಹೆಸರು ಜಗತ್ತಿನ ವೈದ್ಯ ಪುಸ್ತಕಗಳಲ್ಲಿದೆ: ಕ್ಯಾಸನೂರು. 1957ರಲ್ಲಿ ಇಲ್ಲಿ ಮಂಗಗಳು ಸಾಯತೊಡಗಿದವು, ಜನರಿಗೆ ವಿಪರೀತ ಜ್ವರ ಬಂತು. ಹುಡುಕಿದಾಗ ಸಿಕ್ಕಿದ್ದು ಹೊಸ ವೈರಸ್. ಅದಕ್ಕೆ ಕ್ಯಾಸನೂರು ಕಾಡಿನ ಕಾಯಿಲೆ ಎಂದೇ ಹೆಸರಾಯಿತು, ಜನ ಮಂಗನ ಕಾಯಿಲೆ ಎನ್ನುತ್ತಾರೆ. ಕಾಡಿನ ಉಣ್ಣೆ ಅಥವಾ ಉಣುಗು ಕಚ್ಚುವುದರಿಂದ ಇದು ಹರಡುತ್ತದೆ. ಚಳಿಗಾಲದಿಂದ ಬೇಸಿಗೆಯವರೆಗೆ, ದರಗು ತರಲು, ಕಟ್ಟಿಗೆಗೆ, ದನ ಮೇಯಿಸಲು ಕಾಡಿಗೆ ಹೋಗುವವರಿಗೆ ಅಪಾಯ ಹೆಚ್ಚು. 2018-19ರಲ್ಲಿ ಪಕ್ಕದ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಸಾವುಗಳಾದದ್ದನ್ನು ಈ ಸೀಮೆಯ ಯಾರೂ ಮರೆತಿಲ್ಲ.

ಈ ಕಾಯಿಲೆಯ ಲಕ್ಷಣಗಳನ್ನು ಗಮನಿಸಿ. ಇದ್ದಕ್ಕಿದ್ದಂತೆ ಜೋರು ಜ್ವರ, ಚಳಿ, ಹಣೆಯ ಭಾಗದಲ್ಲಿ ತಲೆನೋವು, ಸೊಂಟ-ಕಾಲು-ಕೈಗಳ ಸ್ನಾಯುಗಳಲ್ಲಿ ತೀವ್ರ ನೋವು, ಏಳಲಾಗದಷ್ಟು ಸುಸ್ತು. ಇಂಥವರ ಕೈ ಒತ್ತಿದರೆ ಏನಾಗುತ್ತದೆ? ಯಾವ ವಸ್ತು ಹಿಡಿದರೂ ಇಳಿಯುತ್ತದೆ! ಗೋಧಿ ಕೊಟ್ಟರೂ ಇಳಿಯುತ್ತದೆ, ಹಾಲು ಕೊಟ್ಟರೂ ಇಳಿಯುತ್ತದೆ. "ಲಿವರ್ ವೀಕ್, ಗೋಧಿ ಬಿಡಿ, ಈ ಡ್ರಾಪ್ಸ್ ತಗೊಳ್ಳಿ" ಎಂದು ಯಾರಾದರೂ ಹೇಳಿ ಮೂರು ದಿನ ಕಳೆದರೆ ಆ ಮೂರು ದಿನ ಮತ್ತೆ ಸಿಗುವುದಿಲ್ಲ. ಮಂಗನ ಕಾಯಿಲೆ ಆದ ನೂರು ಜನರಲ್ಲಿ ಸುಮಾರು 3ರಿಂದ 5 ಮಂದಿ ಸಾಯುತ್ತಾರೆ. ವೈರಸ್ಸನ್ನೇ ಕೊಲ್ಲುವ ಔಷಧ ಇಲ್ಲ. ಆದರೆ ಬೇಗ ಆಸ್ಪತ್ರೆ ಸೇರಿದರೆ ದ್ರವಾಂಶ, ರಕ್ತಸ್ರಾವ, ಪ್ಲೇಟ್‌ಲೆಟ್ ಮೇಲೆ ಕಣ್ಣಿಟ್ಟು ಜೀವ ಉಳಿಸಬಹುದು.

ಇದನ್ನು ಪತ್ತೆ ಮಾಡುವುದು ರಕ್ತಪರೀಕ್ಷೆ. ಜ್ವರದ ಮೊದಲ ದಿನಗಳಲ್ಲಿ ಆರ್‌ಟಿ-ಪಿಸಿಆರ್ ವೈರಸ್ಸನ್ನೇ ಹುಡುಕುತ್ತದೆ, ಆಮೇಲೆ ಪ್ರತಿಕಾಯಗಳನ್ನು ನೋಡುತ್ತಾರೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರೆ ರಕ್ತದ ಮಾದರಿ ತೆಗೆದು ಲ್ಯಾಬಿಗೆ ಕಳಿಸುವ ವ್ಯವಸ್ಥೆ ಇದೆ. ಕಾಡಿಗೆ ಹೋಗಿ ಬಂದದ್ದನ್ನೂ, ಸುತ್ತಮುತ್ತ ಮಂಗ ಸತ್ತದ್ದನ್ನೂ ವೈದ್ಯರಿಗೆ ಮರೆಯದೆ ಹೇಳಿ. ಅವರನ್ನು ಕೇಳದೆ ನೋವಿನ ಮಾತ್ರೆ ನುಂಗಬೇಡಿ, ಕೆಲವು ಮಾತ್ರೆಗಳು ರಕ್ತಸ್ರಾವ ಹೆಚ್ಚಿಸಬಹುದು.

ಡೆಂಗಿ, ಇಲಿ ಜ್ವರ, ಟೈಫಾಯ್ಡ್ ವಿಷಯದಲ್ಲೂ ಮಾತು ಇದೇ. ಸಕ್ಕರೆ ಕಾಯಿಲೆ, ಬಿಪಿ, ಥೈರಾಯ್ಡ್, ಮೂರ್ಛೆ ರೋಗದ ಮಾತ್ರೆ ತೆಗೆದುಕೊಳ್ಳುವವರಿಗೆ "ಈ ಮಾತ್ರೆ ನಿಮ್ಮ ದೇಹಕ್ಕೆ ಒಗ್ಗುತ್ತಿಲ್ಲ" ಎಂದು ಕೈ ಒತ್ತಿ ಹೇಳಿದರೆ ಆಗುವ ಹಾನಿ ಸಣ್ಣದಲ್ಲ. ಬೆಳೆಯುವ ಮಕ್ಕಳಿಗೆ ಹಾಲು, ಮೊಟ್ಟೆ, ಬೇಳೆ, ಶೇಂಗಾ ಎಲ್ಲ ಬಿಡಿಸಿದರೆ ಕೊನೆಗೆ ಉಳಿಯುವುದು ಅಪೌಷ್ಟಿಕತೆ.

ಹಾಗಾದರೆ ಸರಿಯಾದ ಪರೀಕ್ಷೆ ಯಾವುದು?

ಅಲರ್ಜಿ ಅನುಮಾನ ಇದ್ದರೆ: ಏನು ತಿಂದಾಗ, ಎಷ್ಟು ಹೊತ್ತಿನಲ್ಲಿ, ಏನಾಯಿತು ಎಂದು ಬರೆದಿಟ್ಟು ವೈದ್ಯರಿಗೆ ತೋರಿಸಿ. ಅಗತ್ಯವಿದ್ದರೆ ಚರ್ಮದ ಚುಚ್ಚು ಪರೀಕ್ಷೆ ಅಥವಾ ರಕ್ತದಲ್ಲಿ ಐಜಿಇ ಪರೀಕ್ಷೆ ಮಾಡಿಸುತ್ತಾರೆ.

ಸುಸ್ತು, ವಿಟಮಿನ್ ಕೊರತೆ ಅನುಮಾನ ಇದ್ದರೆ: ಹಿಮೋಗ್ಲೋಬಿನ್, ಬಿ12, ವಿಟಮಿನ್ ಡಿ, ಥೈರಾಯ್ಡ್ ರಕ್ತಪರೀಕ್ಷೆ.

ನಿಜವಾಗಿಯೂ ಕೈಕಾಲಿನ ಬಲ ಕಡಿಮೆಯಾಗಿದ್ದರೆ: ತಡಮಾಡದೆ ವೈದ್ಯರ ಬಳಿ ಹೋಗಿ. ಇದ್ದಕ್ಕಿದ್ದಂತೆ ಒಂದು ಕಡೆಯ ಕೈಕಾಲು ಸೋತು, ಬಾಯಿ ಸೊಟ್ಟಗಾಗಿ, ಮಾತು ತೊದಲಿದರೆ ಅದು ಪಾರ್ಶ್ವವಾಯು ಇರಬಹುದು. ಕೂಡಲೇ 108ಕ್ಕೆ ಫೋನ್ ಮಾಡಿ.

ಮನೆಯಲ್ಲೇ ಪರೀಕ್ಷೆ ಮಾಡಿ ನೋಡಿ

ನಮ್ಮ ಮಾತನ್ನೂ ಸುಮ್ಮನೆ ನಂಬಬೇಕಿಲ್ಲ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರಿಶೀಲಿಸಲು ಸಮಿತಿ ರಚಿಸಿದ್ದರು. ಪ್ರಶ್ನಿಸಿ ನೋಡುವ ಆ ದಾರಿ ನಮ್ಮ ನಾಡಿಗೆ ಹೊಸದಲ್ಲ. ಬೇಕಾದದ್ದು ಮೂವರು ಮತ್ತು ಎರಡು ಲಕೋಟೆ.

1. ಒಂದೇ ಅಳತೆಯ ಎರಡು ಲಕೋಟೆಯಲ್ಲಿ ಒಂದರಲ್ಲಿ ಸಕ್ಕರೆ, ಇನ್ನೊಂದರಲ್ಲಿ ಅಷ್ಟೇ ತೂಕದ ಉಪ್ಪು ಹಾಕಿ ಅಂಟಿಸಿ. ಹೊರಗಿನಿಂದ ನೋಡಿದರೂ ಮುಟ್ಟಿದರೂ ವ್ಯತ್ಯಾಸ ತಿಳಿಯಬಾರದು.
2. ಮೂರನೆಯವರು ಬೇರೆ ಕೋಣೆಯಲ್ಲಿ ನಾಣ್ಯ ಚಿಮ್ಮಿ, ರಾಜ ಬಿದ್ದರೆ ಸಕ್ಕರೆ, ಅಂಕಿ ಬಿದ್ದರೆ ಉಪ್ಪು ಎಂದು ಲಕೋಟೆ ಆರಿಸಿ ಬರೆದುಕೊಳ್ಳಲಿ. ಲಕೋಟೆಯನ್ನು ಬಾಗಿಲ ಬಳಿ ಇಟ್ಟು ಹೋಗಲಿ, ಎದುರಿಗೆ ನಿಲ್ಲಬಾರದು.
3. ಉಳಿದ ಇಬ್ಬರು ಕೈ ಒತ್ತಿ ನೋಡಿ, ಸಕ್ಕರೆಯೋ ಉಪ್ಪೋ ಬರೆದಿಡಿ.
4. ಹೀಗೆ 20 ಸಲ ಮಾಡಿ. ನಡುವೆ ಉತ್ತರ ನೋಡಬೇಡಿ. ಕೊನೆಗೆ ಎರಡೂ ಪಟ್ಟಿ ಹೋಲಿಸಿ.

ಬರೀ ಊಹೆಯಿಂದಲೇ 20ರಲ್ಲಿ 10ರ ಆಸುಪಾಸು ಸರಿ ಬರುತ್ತದೆ. 15 ಅಥವಾ ಹೆಚ್ಚು ಸರಿ ಬರುವುದು ಊಹೆಯಿಂದಾದರೆ ಸುಮಾರು 50ರಲ್ಲಿ ಒಂದು ಸಲ ಮಾತ್ರ. ಮೂರನೆಯವರು ಬೇರೆ ಕೋಣೆಯಲ್ಲಿ ಯಾಕೆ ಇರಬೇಕು ಎಂದರೆ, ಗೊತ್ತಿರುವವರ ಮುಖವೇ ಉತ್ತರ ಹೇಳಿಬಿಡುತ್ತದೆ. ಬರ್ಲಿನ್ನಿನಲ್ಲಿ ಹಾನ್ಸ್ ಎಂಬ ಕುದುರೆ ಕಾಲು ಕುಟ್ಟಿ ಲೆಕ್ಕ ಮಾಡುತ್ತಿತ್ತು. 1907ರಲ್ಲಿ ಆಸ್ಕರ್ ಫುಂಗ್ಸ್ಟ್ ಪರೀಕ್ಷಿಸಿದಾಗ, ಕೇಳುವವರಿಗೆ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಗೊತ್ತಾಗುತ್ತಿರಲಿಲ್ಲ. ಅದು ಓದುತ್ತಿದ್ದದ್ದು ಲೆಕ್ಕವನ್ನಲ್ಲ, ಎದುರಿದ್ದವರ ತಲೆಯ ಸಣ್ಣ ಅಲುಗಾಟವನ್ನು.

ನಿಮ್ಮ ಪ್ರಶ್ನೆಗಳು

ನಮ್ಮ ಅತ್ತಿಗೆಗೆ ಇದರಿಂದ ಗುಣವಾಯಿತಲ್ಲ?
ತಲೆನೋವು, ಹೊಟ್ಟೆಯುಬ್ಬರ, ಸುಸ್ತು ಮುಂತಾದವು ಏರಿ ಇಳಿಯುವ ತೊಂದರೆಗಳು. ಜೋರಾದಾಗ ಥೆರಪಿಗೆ ಹೋಗುತ್ತೇವೆ, ತಾನಾಗಿ ಇಳಿದಾಗ ಥೆರಪಿಗೆ ಹೆಸರು ಬರುತ್ತದೆ. ಎಣ್ಣೆ ತಿಂಡಿ, ಬೇಕರಿ ತಿನಿಸು ಬಿಟ್ಟದ್ದೂ ಸಹಾಯ ಮಾಡಿರಬಹುದು. ಅದಕ್ಕೆ ಕೈ ಒತ್ತಿಸಿಕೊಳ್ಳಬೇಕಿಲ್ಲ. ಇನ್ನೊಂದು ಮಾತು: ಇಂಥವರು ಅರ್ಧ ಗಂಟೆ ಕೂತು ಮಾತು ಕೇಳುತ್ತಾರೆ. ಗಿಜಿಗುಡುವ ಹೊರರೋಗಿ ವಿಭಾಗದಲ್ಲಿ ಆ ಸಮಾಧಾನ ಸಿಗದೆ ಇರಬಹುದು. ಆ ಸಮಾಧಾನಕ್ಕೆ ಬೆಲೆ ಇದೆ. ಆದರೆ ಅದು ರೋಗಪತ್ತೆ ಅಲ್ಲ.

ಮಾಡುವವರು ಒಳ್ಳೆಯವರು, ದುಡ್ಡೂ ತಗೊಳ್ಳಲ್ಲ. ಅವರು ಸುಳ್ಳು ಹೇಳ್ತಾರಾ?
ಹೇಳಬೇಕಿಲ್ಲ. ಪ್ರಾಮಾಣಿಕತೆಗೂ ಪರೀಕ್ಷೆ ಸರಿಯಾಗಿರುವುದಕ್ಕೂ ಸಂಬಂಧವಿಲ್ಲ. ಕೆಟ್ಟ ತಕ್ಕಡಿಯಲ್ಲಿ ಒಳ್ಳೆಯವರು ತೂಗಿದರೂ ತೂಕ ತಪ್ಪೇ ಬರುತ್ತದೆ.

ಕಾನೂನು ಏನು ಹೇಳುತ್ತದೆ?
ಸಕ್ಕರೆ ಕಾಯಿಲೆ, ಕ್ಯಾನ್ಸರ್ ಸೇರಿದಂತೆ ಪಟ್ಟಿಯಲ್ಲಿರುವ ರೋಗಗಳನ್ನು ಗುಣಪಡಿಸುತ್ತೇವೆ ಎಂದು ಔಷಧ ಅಥವಾ ಮಾಂತ್ರಿಕ ಪರಿಹಾರಗಳ ಜಾಹೀರಾತು ನೀಡುವುದನ್ನು 1954ರ ಕೇಂದ್ರ ಕಾಯ್ದೆ ನಿಷೇಧಿಸುತ್ತದೆ. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್‌ಗಳು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಕೆಪಿಎಂಇ ಅಡಿ ನೋಂದಾಯಿಸಿಕೊಂಡಿರಬೇಕು. ಗೋಡೆಯ ಮೇಲೆ ಆ ನೋಂದಣಿ ಇದೆಯೇ ಎಂದು ಕೇಳುವ ಹಕ್ಕು ನಿಮಗಿದೆ. ದೂರಿದ್ದರೆ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಕೊಡಿ.

ಮನೆಯ ಹಿರಿಯರು ನಂಬಿದ್ದಾರೆ, ಹೇಗೆ ಹೇಳೋದು?
"ಅದೆಲ್ಲ ಸುಳ್ಳು" ಎಂದು ಶುರು ಮಾಡಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. "ಅಜ್ಜಿ, ಅವರು ಹೇಳಿದ್ದು ಇರಲಿ, ಒಂದು ಸಲ ರಕ್ತ ಟೆಸ್ಟ್ ಮಾಡಿಸಿ ತಾಳೆ ನೋಡೋಣ" ಎನ್ನಿ. ಮಾತ್ರೆ ನಿಲ್ಲಿಸದಂತೆ ನೋಡಿಕೊಳ್ಳುವುದು ಮೊದಲ ಕೆಲಸ, ವಾದ ಗೆಲ್ಲುವುದು ಅಲ್ಲ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

"ಕೈ ಒತ್ತಿ ಅಲರ್ಜಿ, ಕಾಯಿಲೆ ಹೇಳುವ ವಿಡಿಯೋ ನಂಬಬೇಡಿ. ಕೈ ಇಳಿಯುವುದು ಒತ್ತುವ ಜಾಗ, ಹೊತ್ತು ಮತ್ತು ನಿರೀಕ್ಷೆಯಿಂದ. ಶೀಷೆಯಲ್ಲಿ ಏನಿದೆ ಎಂದು ಯಾರಿಗೂ ಗೊತ್ತಿಲ್ಲದಂತೆ ಮಾಡಿದ ಪ್ರಯೋಗಗಳಲ್ಲಿ ಇದು ಊಹೆಗಿಂತ ಉತ್ತಮ ಆಗಿಲ್ಲ. ವೈದ್ಯರನ್ನು ಕೇಳದೆ ಮಾತ್ರೆ, ಊಟ ಬಿಡಬೇಡಿ. ಕಾಡಿಗೆ ಹೋಗಿ ಬಂದ ಮೇಲೆ ಜ್ವರ, ಮೈಕೈ ನೋವು ಬಂದರೆ ಅದೇ ದಿನ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಮಾಹಿತಿಗೆ 104, ತುರ್ತಿಗೆ 108."